ಕೂಡ್ಲಿಯ ಕಪ್ಪೆಚಿಪ್ಪು: ಆಯ್ದದ್ದು, ತೊಳೆದದ್ದು, ಡಬ್ಬಿಗೆ ಹಾಕಿದ್ದು

ನಮ್ಮ ಹೈಸ್ಕೂಲಿನ ವಿಜ್ಞಾನ ಕೋಣೆಯಲ್ಲಿ ಈಗ ಸಿಹಿನೀರಿನ ಕಪ್ಪೆಚಿಪ್ಪುಗಳ ಒಂದು ಸಣ್ಣ ಸಂಗ್ರಹ ಇದೆ. ತುಂಗೆಯ ದಡ, ಶಿವಮೊಗ್ಗದ ಹತ್ತಿರ ತುಂಗೆ, ಭದ್ರೆ ಸೇರುವ ಕೂಡ್ಲಿಯ ಸಂಗಮ ಮತ್ತು ಊರ ಸುತ್ತಿನ ಎರಡು ಕೆರೆಗಳಿಂದ ತಂದದ್ದು. ಎಲ್ಲವೂ ಖಾಲಿ ಚಿಪ್ಪು. ಒಳಗಿನ ಜೀವ ಹೋದ ಮೇಲೆ ದಡದಲ್ಲಿ ಬಿದ್ದಿದ್ದನ್ನು ಮಾತ್ರ ಆಯ್ದಿದ್ದೇವೆ.

ಆಯುವುದು ಸುಲಭ. ಬೇಸಿಗೆಯ ಒಂದು ಬೆಳಗ್ಗೆ ನಾಲ್ಕು ಮಕ್ಕಳು ಬಗ್ಗಿ ನಡೆದರೆ ಚೀಲ ತುಂಬುತ್ತದೆ. ಆಮೇಲಿನ ಕೆಲಸದಲ್ಲೇ ನಮ್ಮ ಹಣ ಹೋದದ್ದು, ಸಮಯ ಹೋದದ್ದು. ಬೇರೆ ಶಾಲೆಯವರು ಮಾಡುವುದಿದ್ದರೆ ಅನುಕೂಲವಾಗಲಿ ಅಂತ ಆದದ್ದನ್ನು ಆದ ಹಾಗೆ ಬರೆದಿದ್ದೇನೆ.

1. ಜಾಗ (ಮಾರ್ಚ್ ಕೊನೆ)

ಮೊದಲು ಎಲ್ಲಿಗೆ ಹೋಗಬಾರದು ಅಂತ ಪಟ್ಟಿ ಮಾಡಿದೆವು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಏನನ್ನೂ ಎತ್ತಿಕೊಂಡು ಬರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಹಾಗೆ ಹೇಳುತ್ತದೆ. ಖಾಲಿ ಚಿಪ್ಪಲ್ವಾ, ಏನಾಗುತ್ತದೆ ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಹಾಗಾಗಿ ಭದ್ರಾ ಅಭಯಾರಣ್ಯದ ಕಡೆಯ ಹಿನ್ನೀರು ಬಿಟ್ಟೆವು. ಮಂಡಗದ್ದೆಯ ಪಕ್ಷಿಧಾಮದ ಹತ್ತಿರವೂ ಹೋಗಲಿಲ್ಲ.

ಉಳಿದದ್ದರಲ್ಲಿ ಕೂಡ್ಲಿ ಚೆನ್ನಾಗಿತ್ತು. ಬೇಸಿಗೆಯಲ್ಲಿ ತುಂಗೆ, ಭದ್ರೆ ಎರಡೂ ಇಳಿದು ಮರಳು, ಗುಂಡುಕಲ್ಲು ಹೊರಗೆ ಬರುತ್ತವೆ. ದೇವಸ್ಥಾನದ ಮೆಟ್ಟಿಲಿನ ಹತ್ತಿರ ಜನರ ಓಡಾಟ ಜಾಸ್ತಿ, ಅಲ್ಲಿ ಸಿಕ್ಕಿದ್ದೆಲ್ಲ ಪುಡಿ. ನಾವು ನೀರಿನ ಅಂಚಿನಲ್ಲೇ ಹುಡುಕುತ್ತಿದ್ದೆವು. ಬಲೆ ಒಣಗಿಸುತ್ತಿದ್ದ ಅಜ್ಜ ಒಬ್ಬರು ಸ್ವಲ್ಪ ಹೊತ್ತು ನೋಡಿ ಕರೆದರು.

“ಅಲ್ಲೇನ್ ಸಿಗುತ್ತೆ ಮೇಷ್ಟ್ರೇ? ನೀರು ಎಲ್ಲಿ ಸುಸ್ತಾಗುತ್ತೋ ಅಲ್ಲಿ ನೋಡಿ. ಆ ಬಂಡೆ ಹಿಂದೆ.”

ಅವರ ಮಾತು ನಿಜವಾಯಿತು. ಹೊಳೆ ತಿರುಗುವ ಕಡೆ ಒಳಬದಿಯ ಮರಳು ದಿಬ್ಬ, ದೊಡ್ಡ ಬಂಡೆಯ ಕೆಳಬದಿ, ಮರದ ಬೇರಿನ ಸಂದು, ಇಲ್ಲೆಲ್ಲ ಚಿಪ್ಪು ಗುಡ್ಡೆಯಾಗಿ ನಿಂತಿರುತ್ತದೆ. ಆದರೆ ಅದರಿಂದ ಇನ್ನೊಂದು ಮಾತೂ ಬರುತ್ತದೆ. ನೀರು ತಂದು ಹಾಕಿದ ಚಿಪ್ಪು ಅಂದರೆ ಆ ಜೀವ ಅಲ್ಲೇ ಬದುಕಿತ್ತು ಅಂತ ಅರ್ಥ ಅಲ್ಲ. ಅದಕ್ಕೇ ದಾಖಲೆಯಲ್ಲಿ “ಸಿಕ್ಕಿದ ಜಾಗ” ಅಂತ ಮಾತ್ರ ಬರೆಯುತ್ತೇವೆ, “ವಾಸದ ಜಾಗ” ಅಂತ ಅಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಎಚ್ಚರಿಕೆ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಮೊಣಕಾಲು ನೀರು ಅಂದುಕೊಂಡ ಕಡೆ ಆಳು ಮುಳುಗುವಷ್ಟು ಇರುತ್ತದೆ. ಹೊಳೆಯ ಮೇಲ್ಗಡೆ ಗಾಜನೂರಿನಲ್ಲಿ ಅಣೆಕಟ್ಟೆ ಇದೆ, ನೀರು ಬಿಟ್ಟರೆ ಮಟ್ಟ ಏರುತ್ತದೆ. ನಾವು ಪಾದ ಮುಳುಗುವುದಕ್ಕಿಂತ ಮುಂದೆ ಯಾರನ್ನೂ ಬಿಡಲಿಲ್ಲ. ಕಾಲಿಗೆ ಶೂ ಕಡ್ಡಾಯ. ಒಡೆದ ಚಿಪ್ಪಿನ ಅಂಚು ಬ್ಲೇಡು.

2. ಚೌಕಟ್ಟು

ಕಣ್ಣಿಗೆ ಬಿದ್ದದ್ದನ್ನೆಲ್ಲ ಆಯ್ದರೆ ದೊಡ್ಡದು, ಚಂದದ್ದು ಮಾತ್ರ ಚೀಲ ಸೇರುತ್ತದೆ. ಸಣ್ಣದು, ಮುರಿದದ್ದು ಅಲ್ಲೇ ಉಳಿಯುತ್ತದೆ. ಹಾಗಾಗಿ ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಒಂದು ಚೌಕಟ್ಟು ಮಾಡಿದೆವು. ಒಂದು ಚದರ ಮೀಟರಿಗೆ ಮಾಡೋಣ ಅಂತ ಇತ್ತು. ಅಂಗಡಿಯಲ್ಲಿ ಸಿಕ್ಕಿದ್ದು 10 ಅಡಿಯ ತುಂಡು, ಅಂದರೆ 305 ಸೆಂ.ಮೀ., ಸಾಲುವುದಿಲ್ಲ. ಒಳಅಳತೆ ಪ್ರತಿ ಬದಿಗೆ 70.7 ಸೆಂ.ಮೀ. ಇಟ್ಟರೆ ಸರಿಯಾಗಿ ಅರ್ಧ ಚದರ ಮೀಟರ್ ಆಗುತ್ತದೆ. ಅದನ್ನೇ ಮಾಡಿದೆವು. ಮೂಲೆ ಕೂಡಿಸುವ ನಾಲ್ಕು ಎಲ್ಬೋ ಸೇರಿ 190 ರೂಪಾಯಿ.

ಒಣ ಮರಳಿನ ಮೇಲೆ ಚೌಕಟ್ಟು ಚೆನ್ನಾಗಿ ಕೂತಿತು. ಪಾದ ಮುಳುಗುವ ನೀರಿನಲ್ಲಿ ಇಟ್ಟಾಗ ತೇಲಿ ಹೊರಟಿತು. ಒಂದು ಎಲ್ಬೋ ಬಿಚ್ಚಿ ಪೈಪಿಗೆ ಒಣ ಮರಳು ತುಂಬಿದೆವು. ಆಮೇಲೆ ತೊಂದರೆ ಇಲ್ಲ.

ಚೌಕಟ್ಟಿನೊಳಗೆ ಕಂಡದ್ದೆಲ್ಲ ಆಯ್ದು, ಮೇಲಿನ ಐದು ಸೆಂ.ಮೀ. ಮರಳನ್ನು ಗಾರೆ ಕೆಲಸದ ಜರಡಿಯಲ್ಲಿ ಜರಡಿ ಹಿಡಿದೆವು. ಜರಡಿಗೆ 220 ರೂಪಾಯಿ. ಅದರ ಕಣ್ಣು ಸುಮಾರು 5 ಮಿ.ಮೀ. ಕಾರ್ಬಿಕ್ಯುಲಾ ಅನ್ನುವ ಚಿಕ್ಕ ತ್ರಿಕೋನದ ಚಿಪ್ಪು ಬಹುಪಾಲು ಸಿಕ್ಕಿದ್ದು ಹೀಗೇ. ಬರಿಗಣ್ಣಿಗೆ ಅದು ಕಲ್ಲಿನ ಚೂರಿನ ಹಾಗೆ ಕಾಣುತ್ತದೆ.

3. ಆಯುವ ಕ್ರಮ (ಏಪ್ರಿಲ್, ಮೇ)

ಎರಡೂ ಹೋಳು ಮುಚ್ಚಿಕೊಂಡಿರುವುದು ಸಿಕ್ಕಿದರೆ ಮೊದಲು ಜೀವ ಇದೆಯಾ ನೋಡಬೇಕು. ಹೋಳುಗಳನ್ನು ಅಕ್ಕಪಕ್ಕಕ್ಕೆ ಮೆಲ್ಲಗೆ ಜರುಗಿಸಿ ನೋಡಿ. ಬಿಗಿಯಾಗಿ ಹಿಡಿದಿದ್ದರೆ ಜೀವಂತ, ಅಲ್ಲೇ ಕೆಸರಿನಲ್ಲಿ ಮೊದಲಿದ್ದ ಹಾಗೆ ಊರಿ ಬನ್ನಿ. ಸಡಿಲವಾಗಿ ಜರುಗಿದರೆ ಒಳಗೆ ಬರೀ ಕೆಸರು. ಅನುಮಾನ ಇದ್ದದ್ದನ್ನೆಲ್ಲ ಜೀವಂತ ಅಂತಲೇ ಲೆಕ್ಕ ಹಾಕಿ ಬಿಟ್ಟು ಬಂದೆವು.

ಸ್ವಲ್ಪ ಮಾಂಸ ಉಳಿದಿರುವ ಚಿಪ್ಪು ತರಬೇಡಿ. ಅಂಥ ಒಂದಷ್ಟನ್ನು ಬಕೆಟಿನಲ್ಲಿ ನೆನೆಸಿ ಹಿತ್ತಲಲ್ಲಿ ಇಟ್ಟೆ. ಎರಡನೇ ದಿನ ಅತ್ತೆ ಬಂದು, “ಈ ಬಕೆಟ್ ಮನೆಯಲ್ಲಿರುತ್ತೋ, ನಾವು ಮನೆಯಲ್ಲಿರೋದೋ, ಹೇಳಿಬಿಡಿ” ಅಂದರು. ಬಕೆಟ್ ಹೋಯಿತು.

ಪ್ಲಾಸ್ಟಿಕ್ ಕವರೂ ಬೇಡ. ಬಿಸಿಲಿಗೆ ಒಳಗೆ ಬೆವರಿ ಎಲ್ಲ ನಾರುತ್ತದೆ. ಈರುಳ್ಳಿ ತುಂಬುವ ಕೆಂಪು ಬಲೆ ಚೀಲ ಇದಕ್ಕೆ ಹೇಳಿ ಮಾಡಿಸಿದ್ದು. ಮರಳು ಅಲ್ಲೇ ಉದುರುತ್ತದೆ, ಗಾಳಿಯಾಡುತ್ತದೆ. ತರಕಾರಿ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ತುಂಬಾ ತೆಳ್ಳಗಿನ ಚಿಪ್ಪಿಗೆ ಮೊಟ್ಟೆ ಟ್ರೇ.

ಒಂದು ಚೌಕಟ್ಟಿಗೆ ಒಂದು ಚೀಲ. ಚೀಲದೊಳಗೆ ಪೆನ್ಸಿಲಿನಲ್ಲಿ ಬರೆದ ದಪ್ಪ ಕಾಗದದ ಚೀಟಿ. ಜೆಲ್ ಪೆನ್ನಿನಲ್ಲಿ ಬರೆದ ಚೀಟಿಗಳು ಒದ್ದೆ ಚೀಲದಲ್ಲಿ ನೀಲಿ ಮಚ್ಚೆ ಆಗಿ ಹೋದವು. ಯಾವುದು ಎಲ್ಲಿಯದು ಗೊತ್ತಾಗದ ಎರಡು ಚೀಲವನ್ನು ಸಂಗ್ರಹಕ್ಕೆ ಸೇರಿಸಲೇ ಇಲ್ಲ. ಅವುಗಳಲ್ಲಿ ನಮಗೆ ಸಿಕ್ಕಿದ್ದರಲ್ಲೇ ದೊಡ್ಡ ಚಿಪ್ಪು ಇತ್ತು, 9 ಸೆಂ.ಮೀ. ದಾಟಿದ್ದು. ಅದು ಈಗ ಮಕ್ಕಳು ಮುಟ್ಟಿ ನೋಡಲು ಮೇಜಿನ ಮೇಲಿದೆ.

ಚೀಟಿಯಲ್ಲಿ ಊರು, ಹೊಳೆ ಅಥವಾ ಕೆರೆ, ದಡದ ಯಾವ ಬದಿ, ತಾರೀಖು, ಆಯ್ದವರ ಹೆಸರಿನ ಮೊದಲಕ್ಷರ, ಮರಳೋ ಕೆಸರೋ ಕಲ್ಲೋ, ಇಷ್ಟು ಇರಬೇಕು. ಮೊಬೈಲಿನಿಂದ ಅಕ್ಷಾಂಶ, ರೇಖಾಂಶ ಬರೆಯುವಾಗ ದಶಮಾಂಶದ ನಂತರ ನಾಲ್ಕು ಅಂಕಿ ಸಾಕು. ನಾಲ್ಕನೇ ಅಂಕಿ ಅಂದರೆ ನೆಲದ ಮೇಲೆ ಸುಮಾರು 11 ಮೀಟರ್. ಎರಡೇ ಅಂಕಿ ಬರೆದರೆ ಒಂದು ಕಿಲೋಮೀಟರ್ ಆಚೀಚೆ ಆಗುತ್ತದೆ, ಅಂದರೆ ತುಂಗೆಯದ್ದು ಭದ್ರೆಗೆ ಹೋಗುತ್ತದೆ.

ಕೆರೆಯ ಚಿಪ್ಪಿನದು ಬೇರೆಯೇ ರಗಳೆ. ಒಂದು ಕೆರೆಯಲ್ಲಿ ಹೂಳೆತ್ತಿದ್ದರು. ಹೂಳಿನ ಗುಡ್ಡೆಯಲ್ಲಿ ಚಿಪ್ಪೋ ಚಿಪ್ಪು. ಖುಷಿಯಿಂದ ತುಂಬಿಕೊಂಡೆವು. ಆಮೇಲೆ ಯೋಚಿಸಿದರೆ, ಹೂಳಿನಲ್ಲಿ ಹೋದ ವರ್ಷ ಸತ್ತದ್ದೂ ಇರುತ್ತದೆ, ತಾತನ ಕಾಲದ್ದೂ ಇರುತ್ತದೆ. ಟ್ರ್ಯಾಕ್ಟರಿನಲ್ಲಿ ಆ ಮಣ್ಣು ಅಡಿಕೆ ತೋಟಗಳಿಗೂ ಹೋಗಿದೆ. ಒಬ್ಬ ಹುಡುಗ ತನ್ನ ತೋಟದಲ್ಲಿ ಕಪ್ಪೆಚಿಪ್ಪು ಸಿಕ್ಕಿತು ಅಂತ ತಂದ. ಹೊಳೆಗೂ ಆ ತೋಟಕ್ಕೂ ಸಂಬಂಧವೇ ಇಲ್ಲ. ಅವನಪ್ಪ ಕೆರೆಗೋಡು ಹೊಡೆಸಿದ್ದರು, ಅಷ್ಟೇ. ಮನೆ ಕಟ್ಟುವ ಕಡೆಯ ಮರಳು ರಾಶಿಯಲ್ಲಿ ಸಿಗುವ ಚಿಪ್ಪಿನ ಕಥೆಯೂ ಇದೇ. ನೋಡಲು ಚಂದ, ದಾಖಲೆಗೆ ಬರುವುದಿಲ್ಲ.

ಇದರಿಂದಾಗಿ ಚಿಪ್ಪಿನ ಸ್ಥಿತಿಯನ್ನು ಮೂರು ದರ್ಜೆ ಮಾಡಿದೆವು. ಒಂದನೆಯದು, ಒಳಗೆ ಮುತ್ತಿನ ಹೊಳಪು, ಎರಡು ಹೋಳು ಕೂಡಿಸುವ ರಬ್ಬರಿನಂಥ ಪಟ್ಟಿ ಇನ್ನೂ ಇದೆ. ಎರಡನೆಯದು, ಹೊಳಪು ಮಾಸಿದೆ, ಹೊರಗಿನ ಕಂದು ಸಿಪ್ಪೆ ಅಲ್ಲಲ್ಲಿ ಎದ್ದಿದೆ. ಮೂರನೆಯದು, ಸಿಪ್ಪೆಯೇ ಇಲ್ಲ, ಬೆರಳಿಗೆ ಸೀಮೆಸುಣ್ಣದ ಹಾಗೆ ಹತ್ತುತ್ತದೆ. “ಇಲ್ಲಿ ಈಚೆಗೆ ಈ ಜಾತಿ ಇತ್ತು” ಅಂತ ಹೇಳಬೇಕಾದರೆ ಒಂದನೇ ದರ್ಜೆಯ ಚಿಪ್ಪು ಬೇಕು. ಹೂಳಿನ ಗುಡ್ಡೆಯದು ಬಹುತೇಕ ಮೂರನೇ ದರ್ಜೆ.

4. ಮುಟ್ಟದೆ ಬಂದದ್ದು

ತುಂಗೆಯ ಬಂಡೆಗಳ ಮೇಲೆ ಒಂದು ವಿಶೇಷ ಜೀವ ಇದೆ, ಸ್ಯೂಡೋಮುಲ್ಲೇರಿಯಾ ಡಾಲಿಯೈ. ಸಮುದ್ರದ ಸಿಂಪಿಯ ಹಾಗೆ ಒಂದು ಹೋಳನ್ನು ಬಂಡೆಗೇ ಅಂಟಿಸಿಕೊಂಡು ಬದುಕುತ್ತದೆ. 1898ರಲ್ಲಿ ಎಡ್ಗರ್ ಸ್ಮಿತ್ ಎಂಬ ಬ್ರಿಟಿಷ್ ವಿಜ್ಞಾನಿ ಮೈಸೂರು ಸೀಮೆಯ ಮಾದರಿ ನೋಡಿ ಇದಕ್ಕೆ ಹೆಸರಿಟ್ಟ. ನೋಡಲು ದಕ್ಷಿಣ ಅಮೆರಿಕದ ಒಂದು ಸಿಂಪಿಯ ಹಾಗೆ ಇರುವುದರಿಂದ ಅದರ ನೆಂಟ ಅಂತಲೇ ಬಹುಕಾಲ ಅಂದುಕೊಂಡಿದ್ದರು. 2000ದಲ್ಲಿ ಜೀನ್ ನೋಡಿದಾಗ ನಮ್ಮ ಮಾಮೂಲಿ ಕಪ್ಪೆಚಿಪ್ಪಿನ ಕುಟುಂಬಕ್ಕೇ ಹತ್ತಿರ ಅಂತ ಗೊತ್ತಾಯಿತು. ಪಶ್ಚಿಮಘಟ್ಟದ ಹೊಳೆ ಬಿಟ್ಟು ಬೇರೆಲ್ಲೂ ಇಲ್ಲ, ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ಅಂಥ ಅಂಟಿದ ಚಿಪ್ಪು ಕಂಡರೆ ಉಳಿ ಹಾಕಬೇಡಿ. ಸತ್ತದ್ದರ ಪಕ್ಕದಲ್ಲೇ ಜೀವಂತ ಇರುತ್ತದೆ, ಮೇಲೆ ಪಾಚಿ ಕಟ್ಟಿದ್ದರೆ ಎರಡೂ ಒಂದೇ ಥರ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದುಕೊಂಡು ಬನ್ನಿ. ನಮ್ಮ ಸಂಗ್ರಹದಲ್ಲಿ ಈ ಜಾತಿಗೆ ಡಬ್ಬಿ ಇಲ್ಲ.

5. ತೊಳೆದು ಒಣಗಿಸುವುದು (ಮೇ)

ಬರೀ ನೀರು, ಹಳೆಯ ಹಲ್ಲುಜ್ಜುವ ಬ್ರಷ್. ಕೀಲಿನ ಸಂದಿಯ ಕೆಸರಿಗೆ ಬಿದಿರಿನ ಕಡ್ಡಿ. ಇಷ್ಟೇ ಸಾಕು.

ಹೊಳಪು ಬರಲಿ ಅಂತ ಮಾಡಿದ ಪ್ರಯೋಗ ಯಾವುದೂ ಕೈ ಹಿಡಿಯಲಿಲ್ಲ. ವಿನಿಗರ್ ಹಾಕಿದರೆ ಚಿಪ್ಪೇ ನೊರೆ ನೊರೆಯಾಗಿ ಕರಗುತ್ತದೆ, ಅದು ಸುಣ್ಣ ತಾನೇ. ಬ್ಲೀಚಿನಲ್ಲಿ ಹೊರಗಿನ ಕಂದು ಸಿಪ್ಪೆ ಪೂರ್ತಿ ಎದ್ದು ಹೋಗಿ, ಬಿಳಿ ಪಿಂಗಾಣಿ ಚೂರಿನ ಹಾಗೆ ಆಯಿತು. ಬಣ್ಣ, ಗೆರೆ ಎಲ್ಲ ಆ ಸಿಪ್ಪೆಯಲ್ಲಿ ಇರುವುದು. ಅದಿಲ್ಲದೆ ಜಾತಿ ಗುರುತಿಸುವುದು ಇನ್ನೂ ಕಷ್ಟ.

ಒಣಗಿಸುವುದು ಇನ್ನೊಂದು ಪಾಠ. ಮೇ ಬಿಸಿಲು, ತಾರಸಿ, ಹಪ್ಪಳ ಹರಡಿದ ಹಾಗೆ ಹರಡಿದೆವು. ಸಂಜೆಗೆ ದೊಡ್ಡ ತೆಳು ಚಿಪ್ಪುಗಳು ಅಂಚಿನಿಂದ ಸೀಳಿದ್ದವು. ಸಿಪ್ಪೆ ಒಣಗಿ ಕುಗ್ಗುವಾಗ ಚಿಪ್ಪನ್ನೂ ಎಳೆಯುತ್ತದೆ. ಆಮೇಲಿನ ಕಂತನ್ನು ಒಳಗೆ ನೆರಳಿನಲ್ಲಿ, ಫ್ಯಾನ್ ಹಾಕದೆ, ನ್ಯೂಸ್ ಪೇಪರ್ ಮೇಲೆ ವಾರಗಟ್ಟಲೆ ಇಟ್ಟೆವು. ಸೀಳಿದ್ದು ತೀರಾ ಕಡಿಮೆ. ಒಣಗಿದ ಮೇಲೆ ಅರ್ಧದಷ್ಟಕ್ಕೆ ಹತ್ತಿಯಿಂದ ಲಿಕ್ವಿಡ್ ಪ್ಯಾರಫಿನ್ ಅನ್ನುವ ಎಣ್ಣೆ ತೆಳುವಾಗಿ ಸವರಿದೆವು. ಔಷಧಿ ಅಂಗಡಿಯಲ್ಲಿ 110 ರೂಪಾಯಿ. ಉಳಿದ ಅರ್ಧಕ್ಕೆ ಏನೂ ಹಚ್ಚಿಲ್ಲ. ಮುಂದೆ ಯಾರಾದರೂ ಚಿಪ್ಪಿನ ರಾಸಾಯನಿಕ ಪರೀಕ್ಷೆ ಮಾಡುವುದಾದರೆ ಎಣ್ಣೆ ಹತ್ತಿದ್ದು ಉಪಯೋಗಕ್ಕೆ ಬರುವುದಿಲ್ಲ.

6. ಎಡ, ಬಲ, ಅಳತೆ

ಬಿಡಿ ಹೋಳು ಎಡದ್ದೋ ಬಲದ್ದೋ ಗೊತ್ತಾಗದೆ ಎಣಿಕೆ ಮಾಡಲಾಗುವುದಿಲ್ಲ. ಕೀಲು ಮೇಲೆ ಬರುವ ಹಾಗೆ ಹಿಡಿಯಿರಿ. ಕೀಲಿನ ಹತ್ತಿರ ಒಂದು ಉಬ್ಬು ಇರುತ್ತದೆ, ಪುಸ್ತಕದಲ್ಲಿ ಅಂಬೋ ಅಂತ ಇದೆ. ಉಬ್ಬು ಯಾವ ತುದಿಗೆ ಹತ್ತಿರವೋ ಆ ತುದಿ ನಿಮ್ಮಿಂದ ಆಚೆ ಇರಲಿ. ರಬ್ಬರಿನಂಥ ಪಟ್ಟಿ ಉಳಿದಿದ್ದರೆ ಅದು ಉಬ್ಬಿನಿಂದ ನಿಮ್ಮ ಕಡೆಗೆ ಬರುತ್ತದೆ. ಈಗ ಹೋಳಿನ ಗುಳಿ ಬಲಕ್ಕೆ ತಿರುಗಿದ್ದರೆ ಅದು ಎಡ ಹೋಳು. ಎಡಕ್ಕೆ ತಿರುಗಿದ್ದರೆ ಬಲ ಹೋಳು. ಅನುಮಾನ ಬಂದರೆ ಕೀಲಿನ ಉದ್ದ ಹಲ್ಲು ನೋಡಿ, ಅಂದರೆ ಕೀಲಿನ ಒಳಗೆ ಉದ್ದಕ್ಕೆ ಎದ್ದ ಏಣು. ಎಡದಲ್ಲಿ ಎರಡು ಏಣು, ಬಲದಲ್ಲಿ ಒಂದು.

ಕೂಡ್ಲಿಯ ಒಂದು ದಿಬ್ಬದಲ್ಲಿ ಉದ್ದ ಚಿಪ್ಪಿನ ಲೆಕ್ಕ ಹೀಗಿತ್ತು: ಜೋಡಿ 9, ಬಿಡಿ ಎಡ 31, ಬಿಡಿ ಬಲ 24. ಒಟ್ಟು 73 ಹೋಳು. ಅಂದರೆ ಎಷ್ಟು ಜೀವ? ಮಕ್ಕಳು ಮೊದಲು 64 ಅಂದರು, ಜೋಡಿ ಒಂಬತ್ತು ಮತ್ತು ಬಿಡಿ ಐವತ್ತೈದು ಕೂಡಿಸಿ. ಬಿಡಿ ಎಡವೂ ಬಿಡಿ ಬಲವೂ ಒಂದೇ ಜೀವದ್ದಿರಬಹುದಲ್ಲ? ಹಾಗಾಗಿ ಜೋಡಿಗೆ ಬಿಡಿಯಲ್ಲಿ ಯಾವುದು ಜಾಸ್ತಿಯೋ ಅದನ್ನು ಮಾತ್ರ ಸೇರಿಸಬೇಕು. ಕನಿಷ್ಠ 40. ದಾಖಲೆಯಲ್ಲಿ ಮೂರೂ ಸಂಖ್ಯೆ ಬೇರೆ ಬೇರೆ ಬರೆದಿದ್ದೇವೆ.

ಅಳತೆ ಮೂರು. ಉದ್ದ ಅಂದರೆ ಮುಂದಿನ ತುದಿಯಿಂದ ಹಿಂದಿನ ತುದಿಗೆ. ಎತ್ತರ ಅಂದರೆ ಉಬ್ಬಿನಿಂದ ಕೆಳ ಅಂಚಿಗೆ. ದಪ್ಪ ಅಂದರೆ ಎರಡು ಹೋಳು ಮುಚ್ಚಿ ಹಿಡಿದಾಗ ಅಡ್ಡಕ್ಕೆ. ಮೊದಲು 280 ರೂಪಾಯಿಯ ಪ್ಲಾಸ್ಟಿಕ್ ಡಿಜಿಟಲ್ ಕ್ಯಾಲಿಪರ್ ತಂದೆವು. ಅದರ ದವಡೆ ಬಾಗುತ್ತದೆ, ಒತ್ತಿದಷ್ಟು ಅಂಕಿ ಇಳಿಯುತ್ತದೆ. ಆಮೇಲೆ 950 ಕೊಟ್ಟು ಸ್ಟೀಲಿನದ್ದು ತಂದದ್ದು. ಅದು ಬಂದ ಮೇಲೂ ಇಬ್ಬರು ಹುಡುಗಿಯರ ದಪ್ಪದ ಅಂಕಿ ತಾಳೆ ಆಗುತ್ತಿರಲಿಲ್ಲ, ಒಬ್ಬಳದು ಇನ್ನೊಬ್ಬಳ ಅರ್ಧ. ಒಬ್ಬಳು ಒಂದೇ ಹೋಳು ಅಳೆಯುತ್ತಿದ್ದಳು! ರಟ್ಟಿನ ಮೇಲೆ ಚಿತ್ರ ಬರೆದು ಮೂರು ಬಾಣ ಹಾಕಿ ಮೇಜಿಗೆ ಅಂಟಿಸಿದ ಮೇಲೆ ಸರಿಹೋಯಿತು. ಬಿಡಿ ಹೋಳಿಗೆ ದಪ್ಪದ ಕಾಲಂ ಖಾಲಿ.

ಚಿಪ್ಪಿನ ಮೇಲಿನ ಗೆರೆ ಎಣಿಸಿ ವಯಸ್ಸು ಹೇಳಿ ಅಂತ ನೋಡಿದವರೆಲ್ಲ ಕೇಳುತ್ತಾರೆ. ನಾವು ಹೇಳುವುದಿಲ್ಲ. ನೀರು ಇಳಿದಾಗ, ಪ್ರವಾಹ ಬಂದಾಗ, ಬೆಳವಣಿಗೆ ನಿಂತಾಗಲೆಲ್ಲ ಗೆರೆ ಬೀಳಬಹುದು. ಒಂದು ಗೆರೆಗೆ ಒಂದು ವರ್ಷ ಅಂತ ಇಲ್ಲಿ ಹಿಡಿಯಲು ಬರುವುದಿಲ್ಲ.

7. ಹೆಸರು

ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ 1989ರಲ್ಲಿ ತಂದ ಸಿಹಿನೀರಿನ ಮೃದ್ವಂಗಿಗಳ ಕೈಪಿಡಿ ಇಟ್ಟುಕೊಂಡು ಹೊಂದಿಸಿದೆವು. ಉದ್ದಕ್ಕೆ, ತೆಳ್ಳಗೆ, ಕೀಲಿನ ಹಲ್ಲು ತಗಡಿನ ಹಾಗೆ ಇರುವುದು ಲ್ಯಾಮೆಲ್ಲಿಡೆನ್ಸ್. ಒಡಿಶಾದ ಭುವನೇಶ್ವರದ ಕೇಂದ್ರೀಯ ಸಿಹಿನೀರಿನ ಜಲಕೃಷಿ ಸಂಸ್ಥೆಯವರು ಮುತ್ತು ಬೆಳೆಸುವುದು ಹೆಚ್ಚಾಗಿ ಇದರಲ್ಲೇ. ಗುಂಡಗೆ, ದಪ್ಪಗೆ, ಉಬ್ಬಿನ ಸುತ್ತ ಅಂಕುಡೊಂಕು ಏಣು ಇರುವುದು ಪ್ಯಾರೇಸಿಯಾ ಕೊರುಗಾಟಾ. 1774ರಲ್ಲೇ ಹೆಸರು ಪಡೆದ ಹಳೆಯ ಗಿರಾಕಿ. ಕಾರ್ಬಿಕ್ಯುಲಾ ಚಿಕ್ಕದು, ಅಂಚಿಗೆ ಸಮನಾಗಿ ಒತ್ತೊತ್ತಾಗಿ ಏಣು.

ಲ್ಯಾಮೆಲ್ಲಿಡೆನ್ಸ್ ಒಳಗೆ ಮಾರ್ಜಿನಾಲಿಸ್ ಯಾವುದು, ಕೊರಿಯಾನಸ್ ಯಾವುದು ಅನ್ನುವುದು ಸವೆದ ಚಿಪ್ಪಿನಲ್ಲಿ ಜಗಳಕ್ಕೆ ದಾರಿ. ಅಂಥದ್ದಕ್ಕೆ “ಲ್ಯಾಮೆಲ್ಲಿಡೆನ್ಸ್ ಜಾತಿ” ಅಂತ ಬರೆದು ಬಿಟ್ಟಿದ್ದೇವೆ. ತಪ್ಪು ಹೆಸರಿಗಿಂತ ಅರ್ಧ ಹೆಸರು ವಾಸಿ.

8. ಪೆಟ್ಟಿಗೆ (ಜೂನ್‌ನಿಂದ ಸೆಪ್ಟೆಂಬರ್)

ಅತಿ ಹೆಚ್ಚು ದುಡ್ಡು ಕಳೆದುಕೊಂಡದ್ದು ಇಲ್ಲಿ. ಬಡಗಿಗೆ ಹೇಳಿ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿದೆವು. ಖಾನೆ ಖಾನೆ, ಮೇಲೆ ಗಾಜು, 1,800 ರೂಪಾಯಿ. ಕೆಲಸ ಅಚ್ಚುಕಟ್ಟು. ಜೂನ್‌ನಲ್ಲಿ ಚಿಪ್ಪು ಜೋಡಿಸಿ ಮುಚ್ಚಿದೆವು. ಮಳೆ ಹಿಡಿಯಿತು.

ಆಗಸ್ಟ್‌ನಲ್ಲಿ ತೆರೆದಾಗ ಗಪ್ಪಂತ ಹುಳಿ ವಾಸನೆ. ಚಿಪ್ಪಿನ ಒಳಹೊಳಪಿನ ಮೇಲೆ ಬಿಳಿ ಪುಡಿ, ಉಪ್ಪು ಸಿಡಿದ ಹಾಗೆ. ಬೂಸ್ಟು ಅಂದುಕೊಂಡು ಒರೆಸಿದೆವು. ಎರಡು ವಾರಕ್ಕೆ ಮತ್ತೆ ಬಂತು, ಒರೆಸಿದ ಜಾಗ ಒರಟಾಗಿತ್ತು.

ಬೂಸ್ಟಲ್ಲ ಅದು. ಚಿಪ್ಪು ಕೂಡಿಡುವವರು ಇದಕ್ಕೆ ಬೈನ್ ರೋಗ ಅನ್ನುತ್ತಾರೆ. 1899ರಲ್ಲಿ ಬೈನ್ ಎಂಬಾತ ಇದರ ಬಗ್ಗೆ ಬರೆದ, ಬ್ಯಾಕ್ಟೀರಿಯಾದ ಕೈವಾಡ ಇದೆ ಅಂತ ಅವನ ಊಹೆ. ಅಸಲಿಗೆ ಮರದಿಂದ ಅಸಿಟಿಕ್ ಆಮ್ಲದ ಆವಿ ಬರುತ್ತದೆ, ಪ್ಲೈವುಡ್ಡಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಫಾರ್ಮಿಕ್ ಆಮ್ಲ ಆಗುತ್ತದೆ. ಮುಚ್ಚಿದ ಪೆಟ್ಟಿಗೆ, ಮಲೆನಾಡಿನ ಸೆರಗಿನ ತೇವ, ಎರಡೂ ಸೇರಿದರೆ ಆಮ್ಲ ಚಿಪ್ಪಿನ ಸುಣ್ಣವನ್ನು ತಿನ್ನುತ್ತದೆ. ಬಿಳಿ ಪುಡಿ ಅಂದರೆ ಹಾಗೆ ಹುಟ್ಟಿದ ಲವಣ. ರಟ್ಟಿನ ಡಬ್ಬಿಯಲ್ಲೂ ಹೀಗಾಗುತ್ತದೆ.

ಮಾಡಿದ್ದು ಇಷ್ಟು. ಎಲ್ಲವನ್ನೂ ಹೊರತೆಗೆದು, ಶುದ್ಧೀಕರಿಸಿದ ನೀರನ್ನು ಬದಲಾಯಿಸುತ್ತಾ ಒಂದು ದಿನ ನೆನೆಸಿ, ನೆರಳಿನಲ್ಲಿ ಒಣಗಿಸಿದೆವು. ಪುಡಿ ಹೋಯಿತು. ತಿಂದ ಹೊಳಪು ಹೋದದ್ದೇ. ಆಮೇಲೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಂದೆವು, ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವುದು, ಅಂದರೆ ಪಾಲಿಪ್ರೊಪಿಲೀನ್. 35 ರೂಪಾಯಿಯಂತೆ 24 ಡಬ್ಬಿ, 840. ಪ್ರತಿ ಡಬ್ಬಿಗೂ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಒಟ್ಟು 150. ಪ್ಲೈವುಡ್ ಪೆಟ್ಟಿಗೆಯಲ್ಲಿ ಈಗ ಸ್ಕ್ರೂಡ್ರೈವರ್, ವೈರ್ ಇವೆ.

ಜೋಡಿ ಹೋಳುಗಳಿಗೆ ಹತ್ತಿ ದಾರ ಸುತ್ತಿದೆ. ರಬ್ಬರ್ ಬ್ಯಾಂಡ್ ಬೇಡ, ಬೇಸಿಗೆಗೆ ಕರಗಿ ಅಂಟುತ್ತದೆ. ನಂಬರನ್ನು ಹೋಳಿನ ಒಳಗೆ ಅಂಚಿನ ಹತ್ತಿರ ಬರೆಯುತ್ತೇವೆ. ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆ, ಅದು ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ “ಕೂ-3-ಎ”, ಅಂದರೆ ಕೂಡ್ಲಿ, ಮೂರನೇ ಚೌಕಟ್ಟು, ಎಡ. ಇನ್ನೊಂದು ಚೀಟಿ ಡಬ್ಬಿಯೊಳಗೆ, ಇನ್ನೊಂದು ನಮೂದು ಪುಸ್ತಕದಲ್ಲಿ.

9. ಖರ್ಚು

ಬ್ರಷ್, ದಾರ, ಇಂಕು, ನೇಲ್ ಪಾಲಿಶ್ ಸೇರಿ 160. ಮೇಲಿನದೆಲ್ಲ ಕೂಡಿಸಿದರೆ 4,700 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ಪೆಟ್ಟಿಗೆ ಮತ್ತು ಪ್ಲಾಸ್ಟಿಕ್ ಕ್ಯಾಲಿಪರ್ ಇಲ್ಲದಿದ್ದರೆ 2,620ಕ್ಕೆ ಮುಗಿಯುತ್ತಿತ್ತು.

10. ಉಳಿದಿರುವುದು

ಹೂಳಿನ ಗುಡ್ಡೆಯ ಚಿಪ್ಪುಗಳಿಗೆ ಬೇರೆ ಬಣ್ಣದ ಚೀಟಿ ಹಾಕಿ ಬೇರೆ ಇಟ್ಟಿದ್ದೇವೆ. ಹೊಳೆಯ ಅಳತೆಯ ಜೊತೆ ಅವನ್ನು ಬೆರೆಸುವುದಿಲ್ಲ. ನದಿಯ ಚಿಪ್ಪುಗಳ ಫೋಟೊಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ಜಾಲತಾಣಕ್ಕೆ ಹಾಕುವ ಕೆಲಸ ಅರ್ಧ ಆಗಿದೆ. ಪ್ರತಿ ಚಿಪ್ಪಿಗೆ ಹೊರಗೆ, ಒಳಗೆ, ಕೀಲು, ಮೂರು ಫೋಟೊ, ಪಕ್ಕದಲ್ಲಿ ಸ್ಕೇಲ್.

ಗಾರೆ ಜರಡಿಯ ಕಣ್ಣಿನಿಂದ ಕೆಳಗೆ ಬಿದ್ದ ಮರಳನ್ನು ಒಂದು ಚೀಲ ಹಾಗೇ ತಂದಿದ್ದೆವು. ಮೊನ್ನೆ ಅಡುಗೆಮನೆಯ ಹಿಟ್ಟಿನ ಜರಡಿಯಲ್ಲಿ ಒಂದು ಹಿಡಿ ಹಾಕಿ ನೋಡಿದರೆ 3 ಮಿ.ಮೀ.ಗೂ ಚಿಕ್ಕ ಚಿಪ್ಪು ಇವೆ. ಕಾರ್ಬಿಕ್ಯುಲಾ ಮರಿಗಳೋ ಬೇರೆಯೋ ನೋಡಬೇಕು. ಆ ಜರಡಿ ವಾಪಸ್ ಕೊಟ್ಟಿದ್ದೇನೆ, 1 ಮಿ.ಮೀ. ಕಣ್ಣಿನ ಒಂದು ಜರಡಿಯನ್ನು ಶಾಲೆಯ ಹೆಸರಿನಲ್ಲಿ ತರಿಸಬೇಕಾಗಿದೆ.